ತವರಿನ ಎಂಜಿನ್, ಅತ್ತೆಯ ಎಣ್ಣೆ

ಮದುವೆಯಾದ ಎರಡನೆಯ ದೀಪಾವಳಿಗೆ ಅಪ್ಪ ಸೀರೆ ಕೊಡಿಸಲು ನನ್ನನ್ನು ರಾಣೆಬೆನ್ನೂರಿನ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದರು. ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ರಸ್ತೆಯ ಆಚೆ ಬದಿಯ ಅಂಗಡಿಯ ಮುಂದೆ, ಬಿಸಿಲಿಗೆ ಫಳಫಳ ಹೊಳೆಯುತ್ತ, ಒಂದು ಸಣ್ಣ ಎಂಜಿನ್ ಕೂತಿತ್ತು. ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ, ಹೊಲಕ್ಕೆ ನೀರೆತ್ತುವ ಎಂಜಿನ್. ಇಬ್ಬರು ಹೆಂಗಸರು ಆಚೆಗೊಬ್ಬರು ಈಚೆಗೊಬ್ಬರು ಹಿಡಿದರೆ ಎತ್ತಿಕೊಂಡು ಹೋಗಬಹುದು, ಅಷ್ಟೇ ಗಾತ್ರ. ಹಗ್ಗ ಜಗ್ಗಿದರೆ ಶುರು.

"ನನಗ ಸೀರಿ ಬ್ಯಾಡಪಾ. ಅದು ಬೇಕು" ಎಂದೆ.

ಅಪ್ಪ ನನ್ನ ಬೆರಳು ತೋರಿಸಿದ ಕಡೆ ನೋಡಿ, ಮತ್ತೆ ನನ್ನ ಮುಖ ನೋಡಿದರು. "ತವರಮನಿಯಿಂದ ಎಂಜಿನ್ ಉಡುಗೊರಿ ಕೊಟ್ಟಾರ ಅನ್ನೂದು ಎಲ್ಲ್ಯರೆ ಕೇಳೀಯೇನು?"

"ಇಲ್ಲ. ಇನ್ನ ಮ್ಯಾಲೆ ಕೇಳ್ತಾರ."

ಊರಿಗೊಂದು ದಾರಿಯಾದರೆ ನನಗೊಂದು ದಾರಿ ಎಂಬುದು ಅಪ್ಪನಿಗೆ ಹೊಸದೇನಲ್ಲ. ನಮ್ಮ ಮನೆಯ ಪಕ್ಕದಲ್ಲಿ ಮೋಟಾರ್ ರಿಪೇರಿಯ ಅಂಗಡಿಯಿತ್ತು. ಪಿಯುಸಿವರೆಗೂ ನಾನು ಓದಿದ್ದು ಅದರ ಕಟಕಟ ಸದ್ದಿನಲ್ಲೇ. ಗೆಳತಿಯರು ಬಳೆ ನೋಡುವಾಗ ನಾನು ಬೇರಿಂಗು ನೋಡುತ್ತಿದ್ದೆ. ಆದರೂ ಈ ಎಂಜಿನ್ ನನಗೆ ಆಟದ ಸಾಮಾನಾಗಿರಲಿಲ್ಲ. ಮೋಟೆಬೆನ್ನೂರಿನ ನನ್ನ ಗಂಡನ ಮನೆಗೆ ಹಳ್ಳದ ದಂಡೆಯಲ್ಲಿ ಎರಡು ಎಕರೆ ಮೆಣಸಿನಕಾಯಿ ಹೊಲವಿತ್ತು. ಅಲ್ಲಿಗೆ ಕರೆಂಟಿನ ಕಂಬ ಬಂದಿರಲಿಲ್ಲ. ನೀರು ಹಾಯಿಸಬೇಕೆಂದರೆ ದಾಯಾದಿಗಳ ಮನೆಯ ದೊಡ್ಡ ಡೀಸೆಲ್ ಎಂಜಿನ್ನನ್ನು ಕೇಳಿ ತರಬೇಕು. ಕೇಳುವುದಕ್ಕೆ ಮೂರು ಸಲ ಹೋಗಬೇಕು, ಹ್ಯಾಂಡಲ್ ತಿರುಗಿಸುವುದಕ್ಕೆ ಇಬ್ಬರು ಗಂಡಸರು ಬೇಕು. ನನ್ನ ಗಂಡನಿಗೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ; ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮಾವ ತೀರಿಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ.

ಅತ್ತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ದನಿ ದೊಡ್ಡದು, ಅಂಗಳದಲ್ಲಿ ಮಾತಾಡಿದರೆ ಹಳ್ಳದಾಚೆ ಎತ್ತುಗಳು ಕಿವಿ ಎತ್ತುತ್ತಿದ್ದವು. ಒಕ್ಕಲುತನ ಪೂರ್ತಿ ಅವರದೇ ಕೈಯಲ್ಲಿತ್ತು. ನನ್ನನ್ನು ಕಂಡರೆ ಅವರಿಗಿದ್ದ ಒಂದೇ ತಕರಾರು ಎಂದರೆ ನನ್ನ ಮೈ. "ಸಣಕಲಿ, ಗಾಳಿ ಬಂದ್ರ ಹಾರಿ ಹೋಗ್ತಿ" ಎನ್ನುತ್ತ ಊಟಕ್ಕೆ ಕೂತಾಗ ನನ್ನ ತಾಟಿಗೆ ಕೇಳದೆ ತುಪ್ಪ ಸುರಿಯುತ್ತಿದ್ದರು. ಒಂದು ಚಮಚವಲ್ಲ, ಸೌಟು. ಅನ್ನ ತೇಲುತ್ತಿತ್ತು. ಸಾಕ್ರಿ ಎಂದರೆ ಇನ್ನೊಂದು ಸೌಟು ಬೀಳುತ್ತಿತ್ತು. ಇದೊಂದು ನಮೂನೆಯ ಜಬರದಸ್ತಿ, ಸೊಸೆಯ ಬಾಯಿ ಮುಚ್ಚಿಸುವ ಉಪಾಯ ಎಂದೇ ನಾನು ಎರಡು ವರ್ಷ ತಿಳಿದಿದ್ದೆ.

ಎಂಜಿನ್ ಟೆಂಪೋದಲ್ಲಿ ಬಂದಿಳಿದ ದಿನ ಅತ್ತೆ ಆರತಿ ತಟ್ಟೆ ಹಿಡಿದೇ ಬಾಗಿಲಿಗೆ ಬಂದರು. ಕುಂಕುಮ ಹಚ್ಚಿದರು, ಹೂ ಏರಿಸಿದರು, ದೃಷ್ಟಿ ತೆಗೆದರು. ನಾನು ಆ ಮನೆಗೆ ಬಂದಾಗ ಏನೇನು ಮಾಡಿದ್ದರೋ ಅದೆಲ್ಲ ಆಯಿತು. ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಎಂಜಿನ್ ಒದೆಯಲಿಲ್ಲ, ಅಷ್ಟೇ ವ್ಯತ್ಯಾಸ.

ಮರುದಿನ ಹಳ್ಳದ ದಂಡೆಯಲ್ಲಿ ಮೊದಲ ಬಾರಿ ಹಗ್ಗ ಜಗ್ಗಿದಾಗ ನನ್ನ ಎದೆ ಎಂಜಿನ್‌ಗಿಂತ ಮೊದಲೇ ಶುರುವಾಗಿತ್ತು. ಒಂದೇ ಜಗ್ಗು! ಬುರ್ರೆಂದಿತು. ಪೈಪು ಹಾವಿನ ಹಾಗೆ ಎದ್ದು ಮೈ ತುಂಬಿಕೊಂಡಿತು, ಆ ತುದಿಯಲ್ಲಿ ನೀರು ಧುಮುಕಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನ ಉದ್ದಕ್ಕೂ ನೀರಿನ ಜೊತೆ ಓಡಿದೆ. ದಾಯಾದಿಗಳು ಬದುವಿನ ಮೇಲೆ ನಿಂತು ನೋಡಿದರು. ಅತ್ತೆ ಅವರಿಗೆ ಕೇಳುವ ಹಾಗೆ, "ನಮ್ಮ ಸೊಸಿ ತವರಮನೀದು!" ಎಂದರು. ಆ ದಿನ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ.

ಒಂದು ತಿಂಗಳು ಹೀಗೇ ನಡೆಯಿತು. ಎಂಜಿನ್ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯಲ್ಲಿ ಮೊದಲ ತಿಂಗಳಿಗೆ ಒಳಗಿನ ಆಯಿಲ್ ಬದಲಿಸಬೇಕು ಎಂದು ಬರೆದಿತ್ತು. ಅಷ್ಟರಲ್ಲಿ ತವರಿನಲ್ಲಿ ಬಸುರಿ ಅತ್ತಿಗೆಯ ಕುಬಸದ ಶಾಸ್ತ್ರ ಬಂತು. "ನೀ ಹೋಗಿ ಬಾ, ಆಯಿಲ್ ನಾ ಹಾಕಸ್ತೇನಿ" ಎಂದರು ಅತ್ತೆ. ನಾನು ನಿಶ್ಚಿಂತೆಯಿಂದ ಹತ್ತು ದಿನ ರಾಣೆಬೆನ್ನೂರಿನಲ್ಲಿದ್ದು ಬಂದೆ.

ತಿರುಗಿ ಬಂದ ದಿನವೇ ಅತ್ತೆ ನನ್ನನ್ನು ಎಂಜಿನ್ ಬಳಿ ಕರೆದುಕೊಂಡು ಹೋದರು. ಎಣ್ಣೆಯ ಮುಚ್ಚಳಕ್ಕೆ ಒಂದು ಕಡ್ಡಿ ಅಂಟಿಕೊಂಡಿರುತ್ತದೆ, ಒಳಗೆ ಎಷ್ಟಿದೆ ನೋಡುವುದಕ್ಕೆ. ಅದನ್ನು ತೆಗೆದು, ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಮೆಲ್ಲಗೆ ಬೆರಳು ಅಗಲಿಸಿದರು. ನಡುವೆ ಸಣ್ಣ ಎಳೆಯೊಂದು ನಿಂತಿತು.

"ನೋಡು, ಎಳಿ ಬಂತು. ಖರೇ ಆಯಿಲ್ ಇದು."

ನಮ್ಮ ಕಡೆ ಎಲ್ಲರೂ ಆಯಿಲ್ ನೋಡುವುದು ಹೀಗೆಯೇ. ಎಳೆ ಬಂದರೆ ಚಲೋದು, ಬರದಿದ್ದರೆ ಕಲಬೆರಕೆ. ಇನ್ನು ಅತ್ತೆಯಂತೂ ಉಂಡಿಯ ಪಾಕಕ್ಕೆ ಓಣಿಗೇ ಹೆಸರಾದವರು. ಪಂಚಮಿ ಬಂದರೆ ನೆರೆಮನೆಯವರು ಪಾಕದ ಪಾತ್ರೆ ಹಿಡಿದುಕೊಂಡು ಬಂದು ಅವರ ಬೆರಳಿಗೆ ತೋರಿಸಿ ಹೋಗುತ್ತಿದ್ದರು. ಆ ಬೆರಳು ಹೌದೆಂದ ಮೇಲೆ ನನ್ನದೇನು? ನಾನೂ ಬೆರಳಿಗೆ ಹಚ್ಚಿಕೊಂಡು, ಎಳೆ ಎಳೆದು, ದೊಡ್ಡ ಮೇಸ್ತ್ರಿಯ ಹಾಗೆ ತಲೆಯಾಡಿಸಿದೆ. ತಪ್ಪಿನಲ್ಲಿ ನನ್ನ ಪಾಲು ಎಷ್ಟೆಂದು ಈಗಲೇ ಹೇಳಿಬಿಡುವುದು ಒಳ್ಳೆಯದು: ಪುಸ್ತಿಕೆ ಓದಲು ಬರುತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ, ಆ ದಿನ ನಾನು ಅದನ್ನು ತೆರೆಯಲಿಲ್ಲ.

ಆಮೇಲೆ ಚಳಿ ಬಿತ್ತು. ನಮ್ಮ ಕಡೆಯ ಚಳಿ ಮುಂಜಾನೆಯ ಚಳಿ; ಹನ್ನೊಂದಕ್ಕೆಲ್ಲ ಬಿಸಿಲು ಚುರುಗುಟ್ಟುತ್ತದೆ. ಆದರೆ ನೀರು ಹಾಯಿಸುವುದು ಮುಂಜಾನೆಯೇ. ಒಂದು ದಿನ ಹಗ್ಗ ಜಗ್ಗಿದರೆ ಅದು ಬರಲೇ ಇಲ್ಲ. ಒಳಗೆ ಯಾರೋ ಆ ತುದಿ ಹಿಡಿದುಕೊಂಡು ಕೂತ ಹಾಗಿತ್ತು. ಎರಡು ಕೈ ಹಾಕಿ, ಕಾಲೂರಿ ಜಗ್ಗಿದೆ. ಹತ್ತು ಸಲ, ಇಪ್ಪತ್ತು ಸಲ. ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅದೇ ಎಂಜಿನ್ ಮಧ್ಯಾಹ್ನ ಮೂರಕ್ಕೆ ಐದಾರು ಜಗ್ಗಿಗೆ ಶುರುವಾಯಿತು, ಆದರೆ ಮೊದಲಿನ ಉತ್ಸಾಹವಿಲ್ಲ, ಭಾರ ಹೊತ್ತ ಎತ್ತಿನ ಹಾಗೆ ಏದುಸಿರು ಬಿಡುತ್ತಿತ್ತು.

ಪ್ಲಗ್ ಬಿಚ್ಚಿ ತಿಕ್ಕಿದೆ. ಹೊಸ ಪ್ಲಗ್ ತಂದು ಹಾಕಿದೆ. ಪೆಟ್ರೋಲಿನಲ್ಲಿ ಕಸವಿದೆಯೇನೋ ಎಂದು ಬಟ್ಟೆಯಲ್ಲಿ ಸೋಸಿದೆ. ಅತ್ತೆ ಅದಕ್ಕೆ ಥಂಡಿ ಹತ್ತಿದೆ ಎಂದು ತೀರ್ಮಾನಿಸಿ, ಮಾವ ಹೊದೆಯುತ್ತಿದ್ದ ಕಂಬಳಿ ತಂದು ಹೊದಿಸಿದರು! ನನಗೆ ನಗು ಬಂತು, ಆದರೆ ನಕ್ಕರೆ ನನ್ನ ತವರಿನ ಮಾನವೇ ಹೋದ ಹಾಗೆ. ಬದುವಿನ ಮೇಲೆ ದಾಯಾದಿಗಳು ಆಗಲೇ ನಗತೊಡಗಿದ್ದರು. "ಎಂಜಿನ್ ಇನ್ನೂ ಮಲಗೇತೇನ್ರಿ?" ಎಂದು ಕೂಗುತ್ತಿದ್ದರು.

ಒಂದು ಮುಂಜಾನೆ ಜಗ್ಗಿ ಜಗ್ಗಿ ನನ್ನ ಬಲ ಅಂಗೈ ಗುಳ್ಳೆ ಎದ್ದು ಒಡೆಯಿತು. ಅತ್ತೆ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಮುಖ ಕೆಂಪಾಯಿತು.

"ಸಾಕು. ಸಂಕ್ರಮಣದ ಮುಂಜಾನಿ ತನಕಾ ನೋಡ್ತೇನಿ. ಅವತ್ತೂ ಶುರು ಆಗಲಿಲ್ಲಂದ್ರ ಇದನ್ನ ನಿಮ್ಮಪ್ಪಗ ವಾಪಸ್ ಕಳಸೂಣು. ದೊಡ್ಡ ಎಂಜಿನ್ ಕೇಳಿ ತರ್ತೇನಿ."

ವಾಪಸ್! ತವರಿನಿಂದ ಬಂದ ಹರಿದ ಸೀರೆಯನ್ನೂ ಯಾರೂ ವಾಪಸ್ ಕಳಿಸುವುದಿಲ್ಲ. ಅಪ್ಪನ ಮನೆಯ ಮುಂದೆ ಟೆಂಪೋ ನಿಂತು, ಕುಂಕುಮ ಹಚ್ಚಿದ ಎಂಜಿನ್ ಇಳಿದು, ಓಣಿಯವರು ಬಾಗಿಲಿಗೆ ಬಂದು ನೋಡುವುದು ನನ್ನ ಕಣ್ಣಿಗೆ ಕಟ್ಟಿತು. ಜೊತೆಗೆ ಇನ್ನೊಂದು: ಇದು ಹೋದರೆ ಆ ಮನೆಯಲ್ಲಿ ನನ್ನ ಮಾತೂ ಹೋಗುತ್ತದೆ. ಮುಂದೆ ನಾನು ಏನು ಹೇಳಿದರೂ, "ಹೂಂ, ಎಂಜಿನ್ ತಂದಾಕಿ ಹೇಳಾಕತ್ತಾಳ" ಎಂದು ಬೀಳುತ್ತದೆ. ಸಿಟ್ಟಿನಿಂದ ಆ ದಿನ ನಾನು ಅತ್ತೆಯ ಜೊತೆ ಮಾತೇ ಆಡಲಿಲ್ಲ. ಮಾತಾಡದಿದ್ದರೆ ತುಪ್ಪ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ.

ಸಂಕ್ರಮಣಕ್ಕೆ ಮೂರು ದಿನ ಉಳಿದಿತ್ತು. ಮುಂಜಾನೆ ಅತ್ತೆ ಶೇಂಗಾ ಉಂಡಿಗೆ ಬೆಲ್ಲದ ಪಾಕ ಇಟ್ಟಿದ್ದರು. ಎಳೆ ನೋಡಿ ಪಾತ್ರೆ ಕೆಳಗಿಳಿಸಿದರು. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ಕೂಗಿದರು. ಅತ್ತೆ ಹೋದವರು ಅಲ್ಲೇ ಮಾತಿಗೆ ನಿಂತರು. ತಿರುಗಿ ಬರುವಷ್ಟರಲ್ಲಿ ಪಾಕ ಆರಿತ್ತು. ಸೌಟು ಹಿಡಿದು ತಿರುಗಿಸಲು ಹೋದರೆ ಅದು ಅಲುಗಲಿಲ್ಲ. ಕೈ ಬಿಟ್ಟರು. ಸೌಟು ಪಾತ್ರೆಯ ನಡುವೆ ಗೂಟದ ಹಾಗೆ ನೆಟ್ಟಗೆ ನಿಂತಿತು.

"ಇಕಾ, ಥಂಡಿಗೆ ಕೂತುಬಿಡ್ತು" ಎಂದು ಪಾತ್ರೆಯನ್ನು ಮತ್ತೆ ಒಲೆಗಿಟ್ಟರು. ಸ್ವಲ್ಪ ಹೊತ್ತಿಗೆ ಪಾಕ ಸಡಿಲಾಯಿತು, ಸೌಟು ಸಲೀಸಾಗಿ ತಿರುಗಿತು.

ನಾನು ಶೇಂಗಾ ಕೇರುತ್ತ ಕೂತವಳು ಮೊರ ಕೆಳಗಿಟ್ಟು ಎದ್ದೇಬಿಟ್ಟೆ. ಮುಂಜಾನೆ ಗಟ್ಟಿ, ಕಾದ ಮೇಲೆ ಸಡಿಲ! ಮುಂಜಾನೆ ಹಗ್ಗ ಬರುವುದಿಲ್ಲ, ಮಧ್ಯಾಹ್ನ ಬರುತ್ತದೆ! ಟ್ರಂಕಿನಿಂದ ಪುಸ್ತಿಕೆ ತೆಗೆದು ನೆಲದ ಮೇಲೆ ಬಿಚ್ಚಿಕೊಂಡೆ. ಎಂಜಿನ್ನಿನ ಹೊಟ್ಟೆಯ ಚಿತ್ರವಿತ್ತು. ಅದರ ತಳದಲ್ಲಿ ಎಣ್ಣೆ, ಎಣ್ಣೆಯಲ್ಲಿ ಮುಳುಗುವ ಹಾಗೆ ಒಂದು ಸಣ್ಣ ಸೌಟು. ದೇವರಾಣೆ ಸೌಟೇ! ಎಂಜಿನ್ ತಿರುಗಿದಾಗಲೆಲ್ಲ ಅದು ಕೆಳಗಿನ ಎಣ್ಣೆಯನ್ನು ಬಾಚಿ ಒಳಗೆಲ್ಲ ಎರಚಬೇಕು. ಇಷ್ಟು ಸಣ್ಣ ಎಂಜಿನ್ನಿಗೆ ಬೇರೆ ವ್ಯವಸ್ಥೆಯಿಲ್ಲ.

ಮುಂದಿನ ಪುಟದಲ್ಲಿ ಒಂದು ಪಟ್ಟಿ. ಕೆಳಗೆ ಚಳಿ-ಸೆಕೆಯ ಡಿಗ್ರಿಗಳು, ಮೇಲೆ ಉದ್ದುದ್ದ ಗೆರೆಗಳು, ಗೆರೆಗೊಂದು ನಂಬರು. ಅದರಲ್ಲೊಂದು 20W-40. ಮೊದಲು ನೋಡಿದಾಗ ಈ ಡಬ್ಲ್ಯು ಎಂದರೆ ಬಲ್ಬಿಗಿರುವ ವಾಟ್ ಇರಬೇಕೆಂದು ದಾಟಿಸಿಬಿಟ್ಟಿದ್ದೆ. ಈಗ ಕೆಳಗಿನ ಸಣ್ಣ ಅಕ್ಷರ ಓದಿದೆ. ವಾಟ್ ಅಲ್ಲ, ವಿಂಟರ್. ಚಳಿ! ಬೆರಳಿಗೆ ಎಳೆ ಬಂದರಷ್ಟೇ ಸಾಲದು, ಮುಂಜಾನೆಯ ಚಳಿಯಲ್ಲೂ ಆ ಎಣ್ಣೆ ಹರಿಯಬೇಕು ಎಂದು ಹೊಳೆದಾಗ ನನಗೆ ಕುಣಿಯಬೇಕೆನಿಸಿತು.

ಮುಂದಿನ ಬಸ್ಸಿಗೇ ಬ್ಯಾಡಗಿಗೆ ಹೋದೆ. ಅತ್ತೆ ಆಯಿಲ್ ತಂದದ್ದು ಅಲ್ಲಿಯ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಿಂದ ಎಂದು ಗೊತ್ತಿತ್ತು. ಮೆಣಸಿನಕಾಯಿ ವ್ಯಾಪಾರದ ದಿನ. ಮೂರು ಸಲ ಸೀನಿದ ಮೇಲೆ ನನಗೆ ಮಾತು ಬಂತು. ಬಿಳಿ ಗಡ್ಡದ ಅಂಗಡಿಯ ಯಜಮಾನರು ಸ್ಟೂಲು ತೋರಿಸಿ, "ಕುಂದ್ರಿ ಅಕ್ಕಾರ" ಎಂದರು.

"ಹೋದ ತಿಂಗಳ ನಮ್ಮ ಅತ್ತಿ ನಿಮ್ಮಲ್ಲಿ ಆಯಿಲ್ ಒಯ್ದಾರ್ರಿ ಸಾಹೇಬ್ರ. ಮೋಟೆಬೆನ್ನೂರಿನವರು."

"ದೊಡ್ಡ ದನಿಯವರು?"

"ಅವರ ನೋಡ್ರಿ."

"ಅವರನ್ನ ಹೆಂಗ ಮರೀಲಿ? ಬಂದವರ, 'ನಿಮ್ಮ ಅಂಗಡ್ಯಾಗ ಎಲ್ಲಕ್ಕಿಂತ ಗಟ್ಟಿ ಆಯಿಲ್ ಯಾವ್ದೈತಿ ಅದನ್ನ ಕೊಡ್ರಿ' ಅಂದ್ರು. ಟ್ರ್ಯಾಕ್ಟರಿಗೇನ್ರಿ ಅಂದೆ. 'ಮಷೀನಿಗೆ' ಅಂದ್ರು. ನೂರಾ ನಲ್ವತ್ತು ನಂಬರ್ ಕೊಟ್ಟೆ."

"ನಮ್ಮ ಪುಸ್ತಕದಾಗ ಬರೇ ನಲ್ವತ್ತು ಐತ್ರಿ!" ಎಂದು ಪುಸ್ತಿಕೆ ಮುಂದೆ ಹಿಡಿದೆ.

ಅವರು ಕನ್ನಡಕ ಏರಿಸಿ ಚಿತ್ರ ನೋಡಿದರು. "ಯಾ ಅಲ್ಲಾ, ಈ ಸಣ್ಣ ಕೂಸಿಗೇನು? ನೂರಾ ನಲ್ವತ್ತು ಟ್ರ್ಯಾಕ್ಟರಿನ ಗೇರಿಗೆ ಹಾಕೂದ್ರಿ. ನೀವು ಕೂಸಿಗೆ ಕುಸ್ತಿ ಪೈಲ್ವಾನರ ಖುರಾಕ್ ತಿನ್ನಿಸೀರಿ."

ನಾನು ಸಿಟ್ಟು ಮರೆತು ಜೋರಾಗಿ ನಕ್ಕುಬಿಟ್ಟೆ. ಅವರು ಎರಡು ಬಾಟಲಿ ಇಪ್ಪತ್ತು ಡಬ್ಲ್ಯು ನಲವತ್ತು ತೆಗೆದಿಟ್ಟು ವಿವರಿಸಿದರು. "ಮುಂಜಾನಿ ಥಂಡ್ಯಾಗ ಇದು ಇಪ್ಪತ್ತರಂಗ ಸಡ್ಲ ಇರ್ತದ, ಲಗೂನ ಹರೀತದ. ಎಂಜಿನ್ ಕಾದ ಮ್ಯಾಲೆ ನಲ್ವತ್ತರಕಿಂತ ತೆಳ್ಳಗ ಆಗಂಗಿಲ್ಲ. ಬೆರಳಿಗೆ ಕೇಳಬ್ಯಾಡ್ರಿ, ನಂಬರಿಗೆ ಕೇಳ್ರಿ."

ಬಸ್ಸಿನಲ್ಲಿ ಆ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಇನ್ನು ಅತ್ತೆಗೆ ಮುಖದ ಮೇಲೆ ಹೇಳುವುದೊಂದೇ ಬಾಕಿ: ಎಂಜಿನ್ ಕೆಟ್ಟಿಲ್ಲ, ಕೆಡಿಸಿದವರು ನೀವು. ಆ ವಾಕ್ಯವನ್ನು ಮೋಟೆಬೆನ್ನೂರು ಬರುವವರೆಗೂ ಬಾಯಲ್ಲಿ ಹೊರಳಾಡಿಸಿ ಸವಿದೆ.

ಮರುದಿನ ಮಧ್ಯಾಹ್ನ ಬಿಸಿಲು ಏರಿದ ಮೇಲೆ ಎಂಜಿನ್ ಶುರುಮಾಡಿ, ಸ್ವಲ್ಪ ಹೊತ್ತು ಓಡಿಸಿ, ಬಿಸಿಯಿರುವಾಗಲೇ ತಳದ ಬೋಲ್ಟು ಬಿಚ್ಚಿದೆ. ಅತ್ತೆ ಡಬ್ಬಿ ಹಿಡಿದರು. ಎಣ್ಣೆ ಕಾಕಂಬಿಯ ಹಾಗೆ ಒಂದೇ ದಾರವಾಗಿ, ತುಂಡಾಗದೆ ಇಳಿಯಿತು. ಅತ್ತೆಗೆ ಹೆಮ್ಮೆ. "ನೋಡು, ಹೆಂಗೈತಿ! ಇಂಥಾದ್ದನ್ನ ತೆಗದು ಚೆಲ್ಲಾಕತ್ತೀಯಲ್ಲ."

ನಾನು ಹೊಸ ಬಾಟಲಿಯಿಂದ ಸ್ವಲ್ಪ ಸುರಿದು, ಒಳಗೆ ತೊಳೆದು, ಅದನ್ನೂ ಇಳಿಸಿದೆ. ಬೋಲ್ಟು ಬಿಗಿದು ಹೊಸ ಎಣ್ಣೆ ಹಾಕತೊಡಗಿದೆ. ಅದು ಗುಳುಗುಳು ಎಂದು ಹರಿಯಿತು. ಅತ್ತೆ ಬಗ್ಗಿ ನೋಡಿದವರು ನನ್ನ ಕೈ ಹಿಡಿದುಬಿಟ್ಟರು.

"ಇದೇನವಾ, ನೀರು! ಇಷ್ಟು ತೆಳ್ಳಂದು ಕುಡಿಸಿ ಸೊರಗಸ್ತಿ? ತವರಮನಿಯಿಂದ ಬಂದದ್ದದು. ನಾಳೆ ನಿಮ್ಮಪ್ಪ ಬಂದು ನೋಡಿ, ನನ್ನ ಮಗಳ ಜೋಡಿ ಕಳಿಸಿದ್ದನ್ನ ಅತ್ತಿ ಉಪಾಸ ಕೆಡವ್ಯಾಳ ಅಂದ್ರ ನಾ ಎಲ್ಲಿ ಮುಖ ಇಟಗೊಳ್ಳಿ?"

ಬಸ್ಸಿನಲ್ಲಿ ಸವಿದುಕೊಂಡು ಬಂದ ವಾಕ್ಯವನ್ನು ಬಿಟ್ಟು ಬೇರೆಯದನ್ನೇ ಕೇಳಿದೆ.

"ಅದಕ್ಕಂತನ ಎಲ್ಲಕ್ಕಿಂತ ಗಟ್ಟೀದು ತಂದ್ರೇನ್ರಿ?"

"ಮತ್ತ? ಬಾಣಂತಿಗೆ ಅಂಟಿನುಂಡಿ ಕೊಡಾಕಿಲ್ಲೇನು? ಹೊಸ್ದಾಗಿ ಬಂದದ್ದಕ್ಕ ಚಲೋ ಉಣ್ಣಾಕ ಹಾಕ್ಬೇಕು. ಮತ್ತೊಬ್ಬರ ಮನ್ಯಾಗ ಬೆಳದು ಬಂದಿರತೈತಿ. ಅದು ಕೇಳತೈತೇನು, ನನಗಿಷ್ಟು ಬೇಕಂತ?"

ಅವರು ಹೇಳುತ್ತಿದ್ದದ್ದು ಎಂಜಿನ್ ಬಗ್ಗೆ. ನನಗೆ ಕಂಡದ್ದು ಎರಡು ವರ್ಷದ ತುಪ್ಪ. ಕಣ್ಣು ತುಂಬಿತು. ಸೀಮೆಎಣ್ಣೆಯ ವಾಸನೆ ಎಂದು ಸೆರಗಿನಿಂದ ಒರೆಸಿಕೊಂಡೆ.

ಆಮೇಲೆ ಬದುವಿನ ಮೇಲೆ ಕೂತು ಮೆಲ್ಲಗೆ ಹೇಳಿದೆ. "ಅತ್ತೀ, ನಿನ್ನೆ ಪಾಕದಾಗ ಸೌಟು ನಿಂತಿತ್ತಲ್ರಿ? ಇದರ ಒಳಗೂ ಒಂದು ಸೌಟು ಐತಿ." ಚಿತ್ರ ತೋರಿಸಿದೆ, ಅಂಗಡಿಯವರು ಹೇಳಿದ ನಂಬರಿನ ಲೆಕ್ಕವನ್ನೂ ಹೇಳಿದೆ. ಅವರು ಒಂದು ಗಳಿಗೆ ನೋಡಿದರು. ನನಗೆ ಒಂದು ತಿಂಗಳು ಹಿಡಿದದ್ದು ಅವರಿಗೆ ಒಂದು ಗಳಿಗೆಯಲ್ಲಿ ತಿಳಿಯಿತು.

"ಹಂಗಾರ ಮುಂಜಾನಿ ಥಂಡಿಗೆ ಇದರ ಪಾಕ ಕೂತುಬಿಡ್ತಿತ್ತು. ಸೌಟು ತಿರಗವಲ್ದು, ನೀ ಹಗ್ಗ ಜಗ್ಗೂದು." ನನ್ನ ಅಂಗೈ ಕಡೆ ನೋಡಿದರು. "ಪಾಕ ಪಾತ್ರಿ ನೋಡಿ ಹಿಡೀಬೇಕು ಅಂತ ಊರಿಗೆಲ್ಲ ಹೇಳಾಕಿ ನಾನು." ಅಷ್ಟು ದೊಡ್ಡ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಸಂಕ್ರಮಣದ ಮುಂಜಾನೆ ಬಾಯಿಂದ ಹೊಗೆ ಬರುವಷ್ಟು ಚಳಿ. ದಾಯಾದಿಗಳು ಎಂದಿನಂತೆ ಬದುವಿನ ಮೇಲೆ ಬಂದು ನಿಂತರು. ನಾನು ಹಗ್ಗದ ಹಿಡಿಯನ್ನು ಅತ್ತೆಯ ಕೈಗೆ ಕೊಟ್ಟೆ.

"ನಾನ? ನನಗೆಲ್ಲಿ ಬರತೈತಿ?"

"ಜಗ್ರಿ."

ಅವರು ಸೆರಗು ಬಿಗಿದು, ಮನೆದೇವರನ್ನು ನೆನೆದು ಜಗ್ಗಿದರು. ಹಗ್ಗ ಎಷ್ಟು ಸಲೀಸಾಗಿ ಬಂತೆಂದರೆ ಅವರೇ ಎರಡು ಹೆಜ್ಜೆ ಹಿಂದೆ ಹೋದರು. ಶುರುವಾಗಲಿಲ್ಲ. ನಾನು ಎಂಜಿನ್ ಮೇಲೆ ಬಗ್ಗಿದೆ. ನೋಡಿದರೆ ಪೆಟ್ರೋಲಿನ ಕೀಲಿ ತಿರುಗಿಸುವುದನ್ನೇ ಮರೆತಿದ್ದೆ! ತಿರುಗಿಸಿದೆ. ಎರಡನೆಯ ಜಗ್ಗಿಗೆ ಬುರ್ರೆಂದಿತು. ಪೈಪು ಮೈ ತುಂಬಿಕೊಂಡಿತು. ಅತ್ತೆ ಹಗ್ಗ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ಕೈ ತೆಗೆದು ಬದುವಿನ ಕಡೆ ಕೂಗಿದರು, "ಎದ್ದೈತಿ ನೋಡ್ರೋ! ನೀವೂ ಏಳ್ರಿನ್ನ!" ನಾವಿಬ್ಬರೂ ನೀರಿನ ಜೊತೆ ಸಾಲಿನಲ್ಲಿ ನಡೆದೆವು. ನಾನು ಓಡಿದೆ, ಅವರು ಬೈಯುತ್ತ ಹಿಂದೆ ಬಂದರು.

ಮಧ್ಯಾಹ್ನ ಹೊಲದಲ್ಲೇ ಊಟ. ಹಾಸಿದ ಕಂಬಳಿ ಎಂಜಿನ್ ಮೇಲೆ ಹೊದಿಸಿದ್ದೇ. ಅತ್ತೆ ನನ್ನ ತಾಟಿಗೆ ಗೋದಿಯ ಸಿಹಿ ಮಾದಲಿ ಬಡಿಸಿದರು. ತುಪ್ಪದ ಪಾತ್ರೆಯಲ್ಲಿ ಸೌಟು ಅದ್ದಿ, ತುಂಬಿ, ಎಂದಿನಂತೆ ನನ್ನ ತಾಟಿನ ಮೇಲೆ ತಂದರು. ನಾನು ಸಾಕ್ರಿ ಎನ್ನಲು ಬಾಯಿ ತೆರೆದಿರಲಿಲ್ಲ. ಸೌಟು ಅಲ್ಲಿಯೇ, ಗಾಳಿಯಲ್ಲಿ ನಿಂತಿತು.

"ನಿನಗ ಎಷ್ಟು ನಂಬರ್ ಹಾಕ್ಲಿ?" ಎಂದು ಕೇಳಿದರು ಅತ್ತೆ.